ಬಡತನ ಮತ್ತು ಮತದಾನ: ಮಂಡ್ಯ, ಬೆಂಗಳೂರು, ಕಲಬುರಗಿಯ ಲೆಕ್ಕ ಒಂದಕ್ಕೊಂದು ಏಕೆ ಹೊಂದುವುದಿಲ್ಲ?

ಕಾಗಿಣಾ ತೀರ (ಪ್ರಶ್ನೆ):
2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ರಷ್ಟು, ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸು, ನಮ್ಮ ಕಲಬುರಗಿಯಲ್ಲಿ ಸುಮಾರು ಶೇ 62 ಮತದಾನವಾಯಿತು. ಬಡವರು ರಾಜಕೀಯದಿಂದ ದೂರ ಸರಿಯುತ್ತಾರೆ ಎಂಬ ಮಾತು ನಿಜವಾದರೆ ಬೆಂಗಳೂರು ಮುಂದಿರಬೇಕಿತ್ತು. ಸರ್ಕಾರವನ್ನೇ ನಂಬಿದವರು ತಪ್ಪದೆ ಮತ ಹಾಕುತ್ತಾರೆ ಎಂಬುದು ನಿಜವಾದರೆ ನಾವು ಮುಂದಿರಬೇಕಿತ್ತು. ಎರಡೂ ಆಗಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ ಆಗಿದ್ದವು. ಈ ಹಿಂದುಳಿದಿರುವಿಕೆಗೂ ಜನರ ರಾಜಕೀಯ ಮನೋಭಾವಕ್ಕೂ ಇರುವ ಸಂಬಂಧವನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ನಾಲೆಯ ಕೊನೆಯ ಊರು:
ಮಂಡ್ಯದವನಾಗಿ ಒಂದು ಮಾತು. ಕೃಷ್ಣರಾಜಸಾಗರದ ನೀರು ಬಂದ ಮೇಲೆ ನಮ್ಮಲ್ಲಿ ಪ್ರತಿಯೊಂದು ಒಕ್ಕಲು ಮನೆಗೂ ಸರ್ಕಾರದೊಡನೆ ವರ್ಷವಿಡೀ ವ್ಯವಹಾರವಿದೆ. ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಕಬ್ಬಿಗೆ ದರ ಎಷ್ಟು, ಕಾರ್ಖಾನೆ ಅರೆಯುವುದೋ ಇಲ್ಲವೋ ಎಂಬುದೆಲ್ಲ ರಾಜಕೀಯವೇ. ಜೊತೆಗೆ ಹಳೆಯ ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯಿತ್ತು. ಅದರಲ್ಲಿ ಬಹುಕಾಲ ಉಳ್ಳವರೇ ಕುಳಿತಿದ್ದರು ಎಂಬುದು ನಿಜ. ಆದರೂ ಅಹವಾಲು ಹೇಳಿಕೊಳ್ಳಲು ಒಂದು ಜಾಗವಿದೆ ಎಂಬ ತಿಳಿವಳಿಕೆ ಊರೂರಿಗೂ ಇಳಿಯಿತು. ನಿಜಾಮರ ಆಳ್ವಿಕೆಯಲ್ಲಿ, ಜಾಗೀರುಗಳ ನಡುವೆ 1948ರವರೆಗೆ ಇದ್ದ ನಿಮ್ಮ ಭಾಗಕ್ಕೆ ಆ ರೂಢಿ ಸಿಗಲಿಲ್ಲ.

ಕಷ್ಟ ಹೆಚ್ಚಾದಷ್ಟೂ ಪ್ರತಿಭಟನೆ ಹೆಚ್ಚುತ್ತದೆ ಎಂದೂ ನಾನು ಒಪ್ಪುವುದಿಲ್ಲ. 1980ರಲ್ಲಿ ರೈತರು ಸಿಡಿದೆದ್ದದ್ದು ನರಗುಂದ, ನವಲಗುಂದದಲ್ಲಿ. ಮಲಪ್ರಭಾ ಯೋಜನೆಯ ಹೆಸರಿನಲ್ಲಿ ಅಭಿವೃದ್ಧಿ ಕರ ಬಂದಿತ್ತು, ನೀರು ಮಾತ್ರ ಎಲ್ಲರಿಗೂ ಸರಿಯಾಗಿ ಬಂದಿರಲಿಲ್ಲ. ಕೈಗೆ ಬಂದದ್ದು ಬಾಯಿಗೆ ಬಾರದಿದ್ದಾಗ ಹುಟ್ಟುವ ಸಿಟ್ಟು ಅದು. ಮಳೆಯನ್ನೇ ನಂಬಿ ತೊಗರಿ ಬಿತ್ತುವ ರೈತನಿಗೆ ಹಾಗೆ ಎದುರು ನಿಂತು ಕೇಳಲು ಸರ್ಕಾರ ಏನನ್ನಾದರೂ ಕೊಟ್ಟಿರಬೇಕಲ್ಲ!

ಜಯನಗರ ನಿವಾಸಿ:
ಬೆಂಗಳೂರಿನ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಬಾಡಿಗೆ ಮನೆ ಬದಲಿಸಿದವರ, ಊರು ಬಿಟ್ಟವರ ಹೆಸರುಗಳು ಪಟ್ಟಿಯಲ್ಲಿ ಹಾಗೆಯೇ ಉಳಿಯುವುದರಿಂದ ಶೇಕಡಾವಾರು ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಹಾಗೆಂದು ಉದಾಸೀನತೆ ಇಲ್ಲವೆಂದಲ್ಲ. ಕೊಳವೆಬಾವಿ, ಟ್ಯಾಂಕರ್, ಖಾಸಗಿ ಶಾಲೆ, ಕಾವಲುಗಾರ ಎಲ್ಲವನ್ನೂ ಹಣ ಕೊಟ್ಟು ಪಡೆಯುವ ಬಡಾವಣೆಯವರಿಗೆ ಕಾರ್ಪೊರೇಟರ್ ಯಾರಾದರೇನು? ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಾಗಲಿಲ್ಲ. ನಮ್ಮ ಸಂಘದ ಸಭೆಗಳಲ್ಲಿ ಅದಕ್ಕಿಂತ ಹೆಚ್ಚು ಚರ್ಚೆಯಾದದ್ದು ವಾಹನ ನಿಲುಗಡೆಯ ಬಗ್ಗೆ.

ಮಸ್ಕಿ ಮಾಸ್ತರ:
ಮೇಲಿನ ಇಬ್ಬರ ಮಾತಿಗೂ ಸೇರಿಸಬೇಕಾದದ್ದು ಗುಳೆ. ಸುಗ್ಗಿ ಮುಗಿಯುತ್ತಲೇ ನಮ್ಮ ಹಳ್ಳಿ, ತಾಂಡಾಗಳಿಂದ ಜನ ಬೆಂಗಳೂರು, ಪುಣೆ, ಮುಂಬೈ ಕಡೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಕಳೆದ ಬಾರಿ ನಮ್ಮಲ್ಲಿ ಮತದಾನ ನಡೆದದ್ದು ಮೇ 7ರಂದು. ಅಷ್ಟರಲ್ಲಿ ಅರ್ಧ ಓಣಿಗೆ ಬೀಗ ಬಿದ್ದಿರುತ್ತದೆ. ಹೆಸರು ಊರಿನ ಪಟ್ಟಿಯಲ್ಲಿ, ಮೈ ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ. ಮೂರು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಹಾಕಿಕೊಂಡು ಬರುವುದು ಸಾಮಾನ್ಯವಾಗಿ ಪಂಚಾಯಿತಿ ಚುನಾವಣೆಗೆ, ಏಕೆಂದರೆ ಅಲ್ಲಿ ನಿಂತವನು ಬೀಗ ಅಥವಾ ಅಣ್ಣತಮ್ಮ, ಮತ್ತು ಬಸ್ಸಿನ ವ್ಯವಸ್ಥೆಯನ್ನು ಅಭ್ಯರ್ಥಿಯೇ ಮಾಡುವುದೂ ಉಂಟು. ಇವರನ್ನು ಉದಾಸೀನರು ಎನ್ನುವುದು ಅನ್ಯಾಯ.

ಮತದಾನವೊಂದನ್ನೇ ಅಳತೆಗೋಲು ಮಾಡಿಕೊಂಡರೆ ದೊಡ್ಡ ಕಂದಕ ಕಾಣುವುದಿಲ್ಲ. ಮತಗಟ್ಟೆ ಊರಿನ ಶಾಲೆಯಲ್ಲಿದೆ. ತಹಶೀಲ್ದಾರ್ ಕಚೇರಿ, ಬ್ಯಾಂಕು, ನ್ಯಾಯಾಲಯ ದೂರದಲ್ಲಿವೆ. ಗ್ರಾಮಸಭೆಗೆ ಬರಬೇಕಾದ ವಯಸ್ಸಿನವರು ಊರಿನಲ್ಲಿಲ್ಲ. ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಮತ್ತೆ ನಾಲ್ಕು ಸಲ ಅಲೆಯುವ ಶಕ್ತಿ ಇರುವವನು ಮಧ್ಯವರ್ತಿಯಾಗುತ್ತಾನೆ, ಉಳಿದವರು ಅವನ ಬೆನ್ನು ಹಿಡಿಯುತ್ತಾರೆ. ಹೀಗೆ ಮತವೂ ಹಕ್ಕಿಗಿಂತ ಹೆಚ್ಚಾಗಿ ಅವನ ಋಣ ತೀರಿಸುವ ದಾರಿಯಾಗುತ್ತದೆ.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಶಿಕ್ಷಣ, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಬಗ್ಗೆಯೂ ಹೇಳಬೇಕು. 2013ರಲ್ಲಿ ಜಾರಿಗೆ ಬಂದ ಈ ವಿಧಿಯಿಂದ ನಮ್ಮ ಮಕ್ಕಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳು ಸಿಕ್ಕಿವೆ, ನೌಕರಿಯಲ್ಲಿ ಪಾಲು ಸಿಕ್ಕಿದೆ. ‘ನಾವು ಕಲ್ಯಾಣ ಕರ್ನಾಟಕದವರು’ ಎಂದು ಒಟ್ಟಾಗಿ ಕೇಳುವ ಒಂದು ವರ್ಗವೂ ಬೆಳೆದಿದೆ. ಆದರೆ ತಂದೆತಾಯಿಯೊಡನೆ ಗುಳೆ ಹೋಗಿ ಏಳನೆಯ ತರಗತಿಗೇ ಶಾಲೆ ಬಿಟ್ಟ ಹುಡುಗನಿಗೆ ಆ ಮೀಸಲಾತಿಯ ಪ್ರಮಾಣಪತ್ರದಿಂದ ಏನು ಪ್ರಯೋಜನ? ಅವನ ಪಾಲಿಗೆ ಮಂಡ್ಯಕ್ಕೂ ನಮಗೂ ಇರುವ ಅಂತರದಷ್ಟೇ ದೊಡ್ಡದು ಕಲಬುರಗಿ ನಗರಕ್ಕೂ ಅವನ ತಾಂಡಾಕ್ಕೂ ಇರುವ ಅಂತರ.

ಕಾಗಿಣಾ ತೀರ:
ಎಲ್ಲರಿಗೂ ಧನ್ಯವಾದ. ಒಂದು ವಿಷಯ ಉಳಿಯಿತು. ನಮ್ಮ ಭಾಗದಿಂದ ವೀರೇಂದ್ರ ಪಾಟೀಲರು ಎರಡು ಬಾರಿ, ಧರ್ಮಸಿಂಗ್ ಅವರು ಒಮ್ಮೆ ಮುಖ್ಯಮಂತ್ರಿಗಳಾದರು. ಆದರೂ ನಮ್ಮಲ್ಲಿ ಜನ ‘ನಮ್ಮವರು ಮೇಲೆ ಬಂದರೆ ಸಾಕು’ ಎನ್ನುತ್ತಲೇ ಇದ್ದಾರೆ. ಮಾಸ್ತರರು ಹೇಳಿದ ಮಧ್ಯವರ್ತಿಯ ಲೆಕ್ಕವೇ ದೊಡ್ಡದಾಗಿ ಇಲ್ಲಿಯೂ ನಡೆದಿದೆಯೇ ಎಂದು ಯೋಚಿಸುತ್ತಿದ್ದೇನೆ.

ಮಸ್ಕಿ ಮಾಸ್ತರ:
ನಡೆದಿದೆ ಎಂದೇ ನನ್ನ ಎಣಿಕೆ. ಊರಿನಲ್ಲಿ ಕಾಗದ ಹಿಡಿದು ಹೋಗಲು ಒಬ್ಬ ಬೇಕು, ಬೆಂಗಳೂರಿಗೆ ಹೋಗಲು ಇನ್ನೊಬ್ಬ ಬೇಕು.