ವ್ಯಾಲಿಡೇಟರ್ ನೋಡ್‌ಗೆ ಅಲರ್ಟ್ ಇಡೋದು: ಯಾವುದಕ್ಕೆ ನಿದ್ದೆಯಿಂದ ಏಳಬೇಕು?

ಪ್ರಶ್ನೆ: ನಮಸ್ಕಾರ ಸರ್. ಎಥೀರಿಯಂ ವ್ಯಾಲಿಡೇಟರ್ (ಠೇವಣಿ ಇಟ್ಟು ಬ್ಲಾಕ್‌ಗಳಿಗೆ ಸಹಿ ಹಾಕೋ ನೋಡ್) ನಡೆಸ್ತಿದ್ದೇನೆ, ವಹಿವಾಟು ನಡೆಸೋಕೆ ಗೆತ್, ಒಮ್ಮತದ ಕೆಲಸಕ್ಕೆ ಲೈಟ್‌ಹೌಸ್ ಅನ್ನೋ ಕ್ಲೈಂಟ್ ಸಾಫ್ಟ್‌ವೇರ್. ಅಂಕಿ ಸಂಗ್ರಹಿಸೋ ಪ್ರೊಮಿಥಿಯಸ್, ಅದನ್ನು ಗ್ರಾಫ್‌ನಲ್ಲಿ ತೋರಿಸೋ ಗ್ರಫಾನಾ ಹಾಕಿ, ರೆಡಿ ಡ್ಯಾಶ್‌ಬೋರ್ಡ್ ಒಂದನ್ನು ಇಳಿಸಿಕೊಂಡು ಅದರ ಜೊತೆ ಬಂದ ಅಲರ್ಟ್‌ಗಳನ್ನೆಲ್ಲ ಆನ್ ಮಾಡಿದೆ. ಸಿಪಿಯು ಜಾಸ್ತಿ, ಪೀರ್ (ಸಂಪರ್ಕದಲ್ಲಿರೋ ಬೇರೆ ನೋಡ್) ಕಮ್ಮಿ, ಮೆಮೊರಿ ಜಾಸ್ತಿ ಅಂತ ದಿನವಿಡೀ ಟೆಲಿಗ್ರಾಂಗೆ ಮೆಸೇಜ್. ತಡೆಯಲಾಗದೆ ಮ್ಯೂಟ್ ಮಾಡಿದೆ. ಮೊನ್ನೆ ನೋಡ್ ನಿಂತಾಗ ಬೆಳಿಗ್ಗೆವರೆಗೂ ಗೊತ್ತೇ ಆಗಲಿಲ್ಲ. ಯಾವ ಅಲರ್ಟ್ ಇರಬೇಕು, ಯಾವುದು ಬೇಡ?

ಉತ್ತರ: ಅಷ್ಟು ಮೆಸೇಜ್ ಬಂದರೆ ಯಾರಾದರೂ ಮ್ಯೂಟ್ ಮಾಡ್ತಾರೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಪ್ರತಿ ಅಲರ್ಟ್ ಮುಂದೆ ಒಂದೇ ಪ್ರಶ್ನೆ ಇಡಿ. ಇದು ಬಂದರೆ ನಾನು ಎದ್ದು ಏನು ಮಾಡ್ತೀನಿ? ಉತ್ತರ ಇಲ್ಲದಿದ್ದರೆ ಅದು ಡ್ಯಾಶ್‌ಬೋರ್ಡ್‌ನಲ್ಲೇ ಇರಲಿ. ಸಿಪಿಯು 90ಕ್ಕೆ ಹೋಯ್ತು ಅಂತ ನೀವು ಎದ್ದು ಏನೂ ಮಾಡಲ್ಲ, ಅಲ್ವಾ?

ಮೊದಲು ನೋಡಬೇಕಾದ್ದು ವ್ಯಾಲಿಡೇಟರ್ ತನ್ನ ಕೆಲಸ ಮಾಡ್ತಿದೆಯಾ ಅನ್ನೋದನ್ನ. ಸ್ಲಾಟ್ ಅಂದರೆ 12 ಸೆಕೆಂಡ್, 32 ಸ್ಲಾಟ್ ಸೇರಿ ಒಂದು ಎಪಾಕ್, ಅಂದರೆ 6.4 ನಿಮಿಷ, ಪ್ರತಿ ಎಪಾಕ್‌ಗೆ ನಿಮ್ಮಿಂದ ಒಂದು ಅಟೆಸ್ಟೇಶನ್, ಅಂದರೆ ಚೈನ್ ಬಗ್ಗೆ ಸಹಿ ಹಾಕಿದ ಮತ, ಹೋಗಬೇಕು. ಒಂದೊಂದು ತಪ್ಪುವುದು ಇದ್ದದ್ದೇ, ಅದಕ್ಕೆ ಫೋನ್ ಬಡಿದುಕೊಳ್ಳೋದು ಬೇಡ. ಸಾಲಾಗಿ ಮೂರು ತಪ್ಪಿದರೆ, ಅಂದರೆ ಹತ್ತಿರ ಹತ್ತಿರ 20 ನಿಮಿಷ, ಆಗ ಜೋರಾಗಿ ಕೂಗಲಿ. ಈ ಒಂದು ಅಲರ್ಟ್ ಸರಿಯಾಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ, ಯಾಕೆಂದರೆ ಡಿಸ್ಕ್ ತುಂಬಲಿ, ನೆಟ್ ಹೋಗಲಿ, ಕ್ಲೈಂಟ್ ಕೆಡಲಿ, ಕೊನೆಗೆ ಎಲ್ಲ ಬಂದು ಕಾಣಿಸಿಕೊಳ್ಳೋದು ಇಲ್ಲೇ.

ಎರಡನೆಯದು ಸಿಂಕ್, ಅಂದರೆ ನೋಡ್ ಚೈನ್‌ನ ಈಗಿನ ತುದಿಯವರೆಗೆ ಬಂದಿದೆಯಾ ಅನ್ನೋದು. ಇಲ್ಲಿ ತುಂಬಾ ಜನ ಮೋಸ ಹೋಗ್ತಾರೆ. ಗೆತ್ ನಿಂತರೂ ಲೈಟ್‌ಹೌಸ್ ಪ್ರೋಸೆಸ್ ಓಡ್ತಲೇ ಇರುತ್ತದೆ. ನೀವು ಲೈಟ್‌ಹೌಸ್ ಓಡ್ತಿದೆಯಾ ಅಂತಷ್ಟೇ ನೋಡ್ತಿದ್ದರೆ ಎಲ್ಲ ಹಸಿರಾಗಿ ಕಾಣುತ್ತದೆ, ಆದರೆ ಅಟೆಸ್ಟೇಶನ್ ಹೋಗ್ತಿರೋದಿಲ್ಲ. ಲೈಟ್‌ಹೌಸ್‌ನ ಸ್ಥಿತಿ ಕೇಳೋಕಿರುವ ಬೀಕನ್ ಎಪಿಐನಲ್ಲಿ ನೋಡ್ ಸಿಂಕಿಂಗ್ ಅಂತ ಒಂದು ವಿಳಾಸ ಇದೆ, ಅದನ್ನು ಕೇಳಿ. ಉತ್ತರದಲ್ಲಿ ಹೆಡ್ ಸ್ಲಾಟ್, ಸಿಂಕ್ ಡಿಸ್ಟೆನ್ಸ್ ಜೊತೆಗೆ 'ಈಸ್ ಆಪ್ಟಿಮಿಸ್ಟಿಕ್' ಮತ್ತು 'ಇಎಲ್ ಆಫ್‌ಲೈನ್' ಅಂತ ಎರಡು ಇರುತ್ತವೆ. ಎರಡೂ ಫಾಲ್ಸ್ ಇರಬೇಕು. ಮೊದಲನೆಯದು ಟ್ರೂ ಆಗಿದ್ದರೆ ಗೆತ್ ಇನ್ನೂ ಬ್ಲಾಕ್‌ಗಳನ್ನು ಪರಿಶೀಲಿಸಿ ಮುಗಿಸಿಲ್ಲ, ಎರಡನೆಯದು ಟ್ರೂ ಆಗಿದ್ದರೆ ಗೆತ್ ಕೈಗೆ ಸಿಗ್ತಿಲ್ಲ ಅಂತ ಅರ್ಥ.

ಡಿಸ್ಕ್‌ಗೆ ಶೇಕಡಾ 80 ತುಂಬಿತು ಅನ್ನೋ ಅಲರ್ಟ್ ತೆಗೆದುಹಾಕಿ. ಪ್ರೊಮಿಥಿಯಸ್‌ನಲ್ಲಿ ಪ್ರೆಡಿಕ್ಟ್ ಲೀನಿಯರ್ ಅಂತ ಫಂಕ್ಷನ್ ಇದೆ. ಈಗ ತುಂಬ್ತಿರುವ ವೇಗ ನೋಡಿ, ಇನ್ನು 7 ದಿನದಲ್ಲಿ ಖಾಲಿ ಜಾಗ ಸೊನ್ನೆಗೆ ಇಳಿಯುತ್ತದಾ ಅಂತ ಅದು ಲೆಕ್ಕ ಹಾಕುತ್ತದೆ. ಆ ಮೆಸೇಜ್ ಹಗಲು ಹೊತ್ತಿನಲ್ಲಿ ಬಂದರೆ ಸಾಕು.

ಗಡಿಯಾರ ಮರೀಬೇಡಿ. ಮಷೀನ್‌ನ ಸಮಯ ಸರಿಯಾಗಿಡೋ ಕ್ರೋನಿ ಹಾಕಿ, ಎಷ್ಟು ವ್ಯತ್ಯಾಸ ಇದೆ ಅನ್ನೋದಕ್ಕೆ ಅಲರ್ಟ್ ಇಡಿ. 2020ರ ಆಗಸ್ಟ್‌ನಲ್ಲಿ ಮೆಡಲ್ಲಾ ಅನ್ನೋ ಟೆಸ್ಟ್‌ನೆಟ್‌ನಲ್ಲಿ (ಪರೀಕ್ಷೆಗಿರುವ ನೆಟ್‌ವರ್ಕ್) ಪ್ರಿಸಮ್ ಕ್ಲೈಂಟ್ ಬಳಸುತ್ತಿದ್ದ ಸಮಯದ ಸರ್ವರ್‌ಗಳಲ್ಲೊಂದು ತಪ್ಪು ಸಮಯ ಕೊಟ್ಟು, ಪ್ರಿಸಮ್ ನೋಡ್‌ಗಳೆಲ್ಲ ಗಂಟೆಗಟ್ಟಲೆ ಮುಂದೆ ಹೋಗಿ ಇಡೀ ನೆಟ್‌ವರ್ಕ್ ತತ್ತರಿಸಿತ್ತು. 12 ಸೆಕೆಂಡ್ ಲೆಕ್ಕದಲ್ಲಿ ನಡೆಯೋ ಕೆಲಸದಲ್ಲಿ ಒಂದೆರಡು ಸೆಕೆಂಡ್ ಕೂಡ ಸಣ್ಣದಲ್ಲ.

ಪ್ರಶ್ನೆ: ರಾತ್ರಿ ಅಲರ್ಟ್ ಬಂದರೆ ಗಾಬರಿ ಆಗುತ್ತೆ ಸರ್. ಅದಕ್ಕೇ ಇನ್ನೊಂದು ಮಷೀನ್‌ನಲ್ಲಿ ಅದೇ ಸಹಿ ಕೀಗಳನ್ನು ಹಾಕಿಟ್ಟು, ಇದು ನಿಂತರೆ ಅದು ತಾನಾಗೇ ಶುರು ಆಗೋ ಹಾಗೆ ಸ್ಕ್ರಿಪ್ಟ್ ಬರೆಯೋಣ ಅಂದ್ಕೊಂಡಿದ್ದೇನೆ.

ಉತ್ತರ: ದಯವಿಟ್ಟು ಅದನ್ನು ಮಾಡಬೇಡಿ. ನಿಮಗೆ ಅಲರ್ಟ್ ಬಂದಿದೆ ಅಂದರೆ ಮಷೀನ್ ನಿಂತಿದೆ ಅಂತಲೇ ಅರ್ಥ ಅಲ್ಲ. ನಿಮ್ಮ ಮಾನಿಟರ್‌ಗೂ ಆ ಮಷೀನ್‌ಗೂ ನಡುವಿನ ನೆಟ್ ಹೋಗಿರಬಹುದು, ಅತ್ತ ವ್ಯಾಲಿಡೇಟರ್ ಆರಾಮಾಗಿ ಸಹಿ ಹಾಕ್ತಿರಬಹುದು. ಆಗ ಎರಡೂ ಕಡೆಯಿಂದ ಒಂದೇ ಕೀ ಸಹಿ ಹಾಕಿದರೆ ಸ್ಲ್ಯಾಶಿಂಗ್, ಅಂದರೆ ಠೇವಣಿಯಲ್ಲಿ ಕಡಿತದ ಶಿಕ್ಷೆ. 2025ರ ಮೇನಲ್ಲಿ ಬಂದ ಪೆಕ್ಟ್ರಾ ಅಪ್‌ಗ್ರೇಡ್ ನಂತರ ಮೊದಲ ದಂಡ ಸಣ್ಣದಾಗಿದೆ, ಸ್ಟೇಕ್‌ನ (ಇಟ್ಟ ಠೇವಣಿಯ) 4096ರಲ್ಲಿ ಒಂದು ಭಾಗ. ಆದರೆ ವ್ಯಾಲಿಡೇಟರ್‌ನ್ನು ಬಲವಂತವಾಗಿ ಹೊರಗೆ ಹಾಕ್ತಾರೆ, 8192 ಎಪಾಕ್, ಅಂದರೆ ಸುಮಾರು 36 ದಿನ ಹಣ ತೆಗೆಯೋಕೆ ಆಗಲ್ಲ, ಆ ಅವಧಿಯಲ್ಲಿ ಅಟೆಸ್ಟೇಶನ್ ದಂಡ ಬೇರೆ.

ಸುಮ್ನೆ ನಿಂತಿದ್ದರೆ ಎಷ್ಟು ಹೋಗುತ್ತದೆ ನೋಡಿ. ಮಾಮೂಲಿ ದಿನಗಳಲ್ಲಿ ಎಷ್ಟು ಗಂಟೆ ನಿಂತಿತ್ತೋ ಹೆಚ್ಚುಕಡಿಮೆ ಅಷ್ಟೇ ಗಂಟೆ ಸರಿಯಾಗಿ ಓಡಿದರೆ ಆ ದಂಡ ಭರ್ತಿ ಆಗುತ್ತದೆ. ರಾತ್ರಿ ಆರು ಗಂಟೆ ಕಾಲ ನಿಂತರೂ ಮರುದಿನ ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತದೆ. ಚೈನ್ ಫೈನಲೈಸ್ ಆಗದೆ (ಬ್ಲಾಕ್‌ಗಳು ಬದಲಾಗದಂತೆ ಖಾಯಂ ಆಗದೆ) 4 ಎಪಾಕ್ ದಾಟಿದರೆ ಮಾತ್ರ ಲೆಕ್ಕ ಬೇರೆ, ಆಗ ನಿಂತವರ ದಂಡ ಏರುತ್ತಾ ಹೋಗುತ್ತದೆ. 2023ರ ಮೇ 11 ಮತ್ತು 12ರಂದು ಸ್ವಲ್ಪ ಹೊತ್ತು ಹಾಗೆ ಫೈನಲೈಸ್ ಆಗೋದು ನಿಂತಿತ್ತು. ಅದಕ್ಕೂ ಒಂದು ಅಲರ್ಟ್ ಇಟ್ಟುಕೊಳ್ಳಿ.

ಮಷೀನ್ ಬದಲಿಸಲೇಬೇಕು ಅಂದರೆ ಹಳೆಯದರಿಂದ ಕೀ ತೆಗೆದು, ಸ್ಲ್ಯಾಶಿಂಗ್ ಪ್ರೊಟೆಕ್ಷನ್ ಫೈಲ್ (ಈಗಾಗಲೇ ಯಾವುದಕ್ಕೆಲ್ಲ ಸಹಿ ಹಾಕಿದೆ ಅನ್ನೋ ದಾಖಲೆ) ಎಕ್ಸ್‌ಪೋರ್ಟ್ ಮಾಡಿ ಹೊಸದಕ್ಕೆ ಹಾಕಿ, ಕೆಲವು ಎಪಾಕ್ ಕಾದು, ಆಮೇಲೆ ಹೊಸದರಲ್ಲಿ ಶುರು ಮಾಡಿ. ಎಲ್ಲ ಕೈಯಾರೆ, ಹಗಲಿನಲ್ಲಿ.

ಮತ್ತೊಬ್ಬರ ಪ್ರಶ್ನೆ: ನಂದು ಪ್ರೊಮಿಥಿಯಸ್, ಅದರ ಅಲರ್ಟ್‌ಗಳನ್ನು ಫೋನ್‌ಗೆ ಕಳಿಸೋ ಅಲರ್ಟ್‌ಮ್ಯಾನೇಜರ್ ಎಲ್ಲಾ ನೋಡ್ ಇರೋ ಮಷೀನ್‌ನಲ್ಲೇ ಇದೆ. ತೊಂದರೆ ಇದೆಯಾ?

ಉತ್ತರ: ಇದೆ. ಕರೆಂಟ್ ಹೋದರೆ ನೋಡ್ ಜೊತೆ ಕಾವಲುಗಾರನೂ ಮಲಗಿಬಿಡ್ತಾನೆ, ನಿಮಗೆ ಮೆಸೇಜ್ ಕಳಿಸೋರು ಯಾರು? ಪ್ರೊಮಿಥಿಯಸ್‌ನಲ್ಲಿ ಯಾವಾಗಲೂ ಆನ್ ಆಗೇ ಇರೋ ಒಂದು ಅಲರ್ಟ್ ಬರೆಯಿರಿ, ವಾಚ್‌ಡಾಗ್ ಅಂತಾರೆ. ಅದು ಹೊರಗಿನ ಒಂದು ಸೇವೆಗೆ ಪ್ರತಿ ಕೆಲವು ನಿಮಿಷಕ್ಕೆ ಹೋಗ್ತಿರಲಿ, ಬರೋದು ನಿಂತ ತಕ್ಷಣ ಆ ಸೇವೆ ನಿಮಗೆ ತಿಳಿಸುತ್ತದೆ. ಅಲರ್ಟ್‌ಮ್ಯಾನೇಜರ್‌ನಲ್ಲಿ ಮತ್ತೆ ಕಳಿಸುವ ಅಂತರ ಡೀಫಾಲ್ಟ್ 4 ಗಂಟೆ ಇರುತ್ತದೆ, ಈ ಒಂದಕ್ಕೆ ಕಮ್ಮಿ ಮಾಡಿ. ಜೊತೆಗೆ ಬೀಕನ್‌ಚಾ ಡಾಟ್ ಇನ್‌ನಂಥ ಕಡೆ ನಿಮ್ಮ ವ್ಯಾಲಿಡೇಟರ್ ಸಂಖ್ಯೆ ಕೊಟ್ಟು ನೋಟಿಫಿಕೇಶನ್ ಆನ್ ಮಾಡಿ. ಅವರು ಚೈನ್‌ನಿಂದಲೇ ನೋಡ್ತಾರೆ, ನಿಮ್ಮ ಮಷೀನ್‌ನ ಹಂಗಿಲ್ಲ.

ಅಂದಹಾಗೆ 9090 (ಪ್ರೊಮಿಥಿಯಸ್), 9100 (ಮಷೀನ್‌ನ ಸಿಪಿಯು, ಡಿಸ್ಕ್ ಅಂಕಿ ಕೊಡೋ ನೋಡ್ ಎಕ್ಸ್‌ಪೋರ್ಟರ್), 3000 (ಗ್ರಫಾನಾ), 5054 (ಲೈಟ್‌ಹೌಸ್‌ನ ಅಂಕಿ) ಈ ಪೋರ್ಟ್‌ಗಳು ಹೊರಗಿನ ನೆಟ್‌ಗೆ ಕಾಣಬಾರದು. ಬೇರೆ ಮಷೀನ್‌ನಿಂದ ನೋಡಬೇಕಾದರೆ ವೈರ್‌ಗಾರ್ಡ್ ವಿಪಿಎನ್ ಮೂಲಕ ಹೋಗಿ.

ಮತ್ತೊಬ್ಬರ ಪ್ರಶ್ನೆ: ಕಾಸ್ಮಾಸ್ ಹಬ್ ಅನ್ನೋ ಇನ್ನೊಂದು ಚೈನ್‌ಗೂ ಇದೇ ನಡೆಯುತ್ತಾ?

ಉತ್ತರ: ಯೋಚನೆ ಅದೇ, ಅಂಕಿ ಬೇರೆ. ಅಲ್ಲಿ ಕೊನೆಯ 10,000 ಬ್ಲಾಕ್‌ಗಳನ್ನು ಲೆಕ್ಕಕ್ಕೆ ತಗೋತಾರೆ, ಅದರಲ್ಲಿ ಶೇಕಡಾ 5ಕ್ಕಿಂತ ಕಮ್ಮಿ ಸಹಿ ಹಾಕಿದರೆ ಜೈಲು (ಸ್ವಲ್ಪ ಕಾಲ ಹೊರಗೆ), ಶೇಕಡಾ 0.01 ಕಡಿತ. ಎರಡು ಸಲ ಸಹಿ ಆದರೆ ಶೇಕಡಾ 5 ಹೋಗುತ್ತದೆ, ಆ ವ್ಯಾಲಿಡೇಟರ್ ಮತ್ತೆಂದೂ ವಾಪಸ್ ಬರೋ ಹಾಗಿಲ್ಲ. ಕಾನ್ಫಿಗ್ ಫೈಲ್‌ನಲ್ಲಿ ಪ್ರೊಮಿಥಿಯಸ್ ಆಫ್ ಇರುತ್ತದೆ, ಆನ್ ಮಾಡಿದರೆ 26660ರಲ್ಲಿ ಸಿಗುತ್ತದೆ. ಟೆಂಡರ್‌ಡ್ಯೂಟಿ ಈ ಕೆಲಸಕ್ಕೇ ಮಾಡಿದ ಟೂಲ್, ತಪ್ಪಿದ ಬ್ಲಾಕ್‌ಗಳನ್ನು ಚೆನ್ನಾಗಿ ಲೆಕ್ಕ ಇಡುತ್ತದೆ.

ಪ್ರಶ್ನೆ: ಸರ್, ಹೇಳಿದ್ದೆಲ್ಲ ಹಾಕಿದೆ. ಕೆಲಸ ಮಾಡುತ್ತಾ ಅಂತ ಪರೀಕ್ಷೆ ಮಾಡೋದು ಹೇಗೆ?

ಉತ್ತರ: ವ್ಯಾಲಿಡೇಟರ್ ಮುಟ್ಟಬೇಡಿ. ನೋಡ್ ಎಕ್ಸ್‌ಪೋರ್ಟರ್ ನಿಲ್ಲಿಸಿ, ಅದರಿಂದ ಅಟೆಸ್ಟೇಶನ್‌ಗೆ ಏನೂ ಆಗಲ್ಲ. ಅದು ಸಿಗದಿದ್ದರೆ 5 ನಿಮಿಷ ಕಾದು ತಿಳಿಸು ಅಂತ ರೂಲ್ ಇದ್ದರೆ ಆರೇಳು ನಿಮಿಷದೊಳಗೆ ಫೋನ್ ಸದ್ದು ಮಾಡಬೇಕು. ಬರಲಿಲ್ಲ ಅಂದರೆ ಮೊದಲು ಪ್ರೊಮಿಥಿಯಸ್ ಪುಟದಲ್ಲಿ ಅಲರ್ಟ್ ಫೈರಿಂಗ್ ಆಗಿದೆಯಾ ನೋಡಿ, ಆಗಿದ್ದರೆ ತೊಂದರೆ ಅಲರ್ಟ್‌ಮ್ಯಾನೇಜರ್ ಅಥವಾ ಟೆಲಿಗ್ರಾಂ ಟೋಕನ್‌ನಲ್ಲಿದೆ. ಆಮೇಲೆ ಪ್ರೊಮಿಥಿಯಸ್‌ನ್ನೇ ನಿಲ್ಲಿಸಿ, ವಾಚ್‌ಡಾಗ್ ನೋಡೋ ಹೊರಗಿನ ಸೇವೆಯಿಂದ ಮೆಸೇಜ್ ಬರುತ್ತಾ ನೋಡಿ. ಫೋನ್ ಸೈಲೆಂಟ್‌ನಲ್ಲಿ ಇದ್ದಾಗಲೂ ಆ ಒಂದು ಆಪ್ ಸದ್ದು ಮಾಡೋ ಹಾಗೆ ಸೆಟ್ಟಿಂಗ್ ಮಾಡಿಕೊಂಡಿದ್ದೀರಾ ಅಂತಲೂ ಅದೇ ಹೊತ್ತಿಗೆ ಗೊತ್ತಾಗುತ್ತದೆ.