ಗುಡ್ಡದಿಂದ ಬೀಳುವ ಕಲ್ಲಿನ ಲೆಕ್ಕ: ಬಿದ್ದಲ್ಲೇ ಪುಟಿಯುತ್ತದೆ, ತಳ್ಳಿದರೆ ನಿಲ್ಲುವುದೇ ಇಲ್ಲ

ಕಟಪಾಡಿ27:
ನಮಸ್ಕಾರ. ಚಾರ್ಮಾಡಿ ಘಾಟಿಯಲ್ಲಿ ಹೋಗುವಾಗಲೆಲ್ಲ ರಸ್ತೆ ಬದಿಯಲ್ಲಿ ಬಂದು ಕುಳಿತ ಬಂಡೆಗಳನ್ನು ಕಂಡು, ಇವು ಮೇಲಿನಿಂದ ಹೇಗೆ ಇಳಿದವು ಎಂಬ ಪ್ರಶ್ನೆ ಕಾಡುತ್ತಿತ್ತು. ಅದಕ್ಕಾಗಿ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದೇನೆ. 45 ಡಿಗ್ರಿ ಇಳಿಜಾರು, ಅದರ ಬುಡದಲ್ಲಿ ಸಮತಟ್ಟು ನೆಲ. ಕಲ್ಲು ನೆಲ ಮುಟ್ಟಿದಾಗ ಕೆಳಮುಖ ವೇಗವನ್ನು ಮೇಲಕ್ಕೆ ತಿರುಗಿಸಿ 0.5ರಿಂದ ಗುಣಿಸುತ್ತೇನೆ, ಅಡ್ಡ ವೇಗವನ್ನು ಹಾಗೆಯೇ ಬಿಡುತ್ತೇನೆ.

ನೇರವಾಗಿ ಬೀಳಿಸಿದ ಕಲ್ಲು ಇಳಿಜಾರಿನ ನಡುವೆಯೇ ಪುಟಿದು ಪುಟಿದು ಅಲ್ಲೇ ನಿಲ್ಲುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೊರಕ್ಕೆ ತಳ್ಳಿದರೆ ಅದೇ ವೇಗದಲ್ಲಿ ರಸ್ತೆಯನ್ನೂ ದಾಟಿ ಹೋಗುತ್ತಲೇ ಇರುತ್ತದೆ. 0.3, 0.7 ಹಾಕಿ ನೋಡಿದರೂ ಫಲ ಅದೇ.

ಬಂಡೆಲೆಕ್ಕ:
ಎರಡೂ ತೊಂದರೆಗೆ ಮೂಲ ಒಂದೇ. ನಿಮ್ಮ ಪ್ರೋಗ್ರಾಮ್ ಇಳಿಜಾರನ್ನೂ ಮನೆಯ ಅಂಗಳವೆಂದೇ ತಿಳಿದಿದೆ. ಬಡಿತದ ಕ್ಷಣದಲ್ಲಿ ವೇಗವನ್ನು ಆಕಾಶ-ಭೂಮಿಯ ದಿಕ್ಕಿನಲ್ಲಿ ಅಲ್ಲ, ಇಳಿಜಾರಿಗೆ ಲಂಬವಾಗಿ ಒಂದು, ಇಳಿಜಾರಿನ ಉದ್ದಕ್ಕೆ ಒಂದು ಎಂದು ಒಡೆಯಬೇಕು. ಎರಡಕ್ಕೂ ಬೇರೆ ಬೇರೆ ಗುಣಾಂಕ, ಅಂದರೆ ನೀವು ಗುಣಿಸಿದ 0.5ರಂಥ ಸಂಖ್ಯೆ. ಹೊರಚಾಚಿದ ಗಟ್ಟಿ ಬಂಡೆಗೆ ಲಂಬ ದಿಕ್ಕಿನಲ್ಲಿ ಸುಮಾರು 0.35, ಉದ್ದಕ್ಕೆ 0.85 ಬಳಸುವುದು ವಾಡಿಕೆ.

ಕೈಲೆಕ್ಕ ಮಾಡಿ ನೋಡಿ. 5 ಮೀಟರ್ ಎತ್ತರದಿಂದ ಬಿದ್ದ ಕಲ್ಲಿನ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. 45 ಡಿಗ್ರಿ ಇಳಿಜಾರಿನಲ್ಲಿ ಅದು 7.07 ಮತ್ತು 7.07 ಎಂದು ಒಡೆಯುತ್ತದೆ. ಬಡಿದ ಮೇಲೆ ಲಂಬ ವೇಗ 2.5, ಉದ್ದದ ವೇಗ 6. ಮತ್ತೆ ಜೋಡಿಸಿದರೆ ಹೊರಮುಖವಾಗಿ 6, ಕೆಳಮುಖವಾಗಿ 2.5. ಅಂದರೆ ಪುಟಿದ ಕಲ್ಲು ಮೇಲೆ ಹಾರುವುದೇ ಇಲ್ಲ, ಗುಡ್ಡದಿಂದ ಹೊರಕ್ಕೆ ಚಿಮ್ಮುತ್ತಾ ಕೆಳಗಿಳಿಯುತ್ತದೆ. ಬೀಳುವ ವೇಗವನ್ನು ಮುನ್ನುಗ್ಗುವ ವೇಗವಾಗಿ ಮಾಡುವುದು ಇಳಿಜಾರೇ. ನನಗೆ ಈ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವ ಸಂಗತಿ ಇದು.

ಕಟಪಾಡಿ27:
ಸರಿಹೋಯಿತು! ಆದರೆ ಈಗ ಕೊನೆಯಲ್ಲಿ ಪುಟಿತಗಳು ಕೂದಲೆಳೆಯಷ್ಟು ಸಣ್ಣದಾಗಿ, ಪ್ರೋಗ್ರಾಮ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಾವಿರ ಸಲ ಓಡಿಸಿದರೂ ಎಲ್ಲ ಕಲ್ಲಿಗೂ ಒಂದೇ ದಾರಿ.

ಬಂಡೆಲೆಕ್ಕ:
ಲಂಬ ವೇಗ ಸೆಕೆಂಡಿಗೆ 0.1 ಮೀಟರ್‌ಗಿಂತ ಕಡಿಮೆಯಾದರೆ ಪುಟಿಯುವುದನ್ನು ಬಿಟ್ಟು ಜಾರುವ ಲೆಕ್ಕಕ್ಕೆ ಬದಲಾಯಿಸಿ. ಇಳಿಜಾರಿನ ಕೋನದ ಟ್ಯಾಂಜೆಂಟ್ (ಎತ್ತರವನ್ನು ಅಡ್ಡ ದೂರದಿಂದ ಭಾಗಿಸಿದ್ದು) ಘರ್ಷಣೆಯ ಗುಣಾಂಕಕ್ಕಿಂತ, ಅಂದರೆ ನೆಲ ಕಲ್ಲನ್ನು ಎಷ್ಟು ತಡೆಯುತ್ತದೆ ಎಂಬ ಸಂಖ್ಯೆಗಿಂತ, ಕಡಿಮೆಯಿರುವಲ್ಲಿ ಕಲ್ಲು ತಾನಾಗಿಯೇ ನಿಧಾನಿಸಿ ನಿಲ್ಲುತ್ತದೆ. ದಾರಿ ಬೇರೆ ಬೇರೆಯಾಗಲು ಪ್ರತಿ ಬಡಿತದಲ್ಲೂ ಇಳಿಜಾರಿನ ಕೋನವನ್ನು ಕೆಲವು ಡಿಗ್ರಿ ಯಾದೃಚ್ಛಿಕವಾಗಿ ಬದಲಿಸಿ. ನಿಜವಾದ ಗುಡ್ಡ ಒರಟು. ಸಣ್ಣ ಕಲ್ಲು ತಗ್ಗುಗಳಲ್ಲಿ ಸಿಕ್ಕಿಬೀಳುತ್ತದೆ, ದೊಡ್ಡದು ಅದೇ ತಗ್ಗನ್ನು ದಾಟಿಹೋಗುತ್ತದೆ. ಗುಡ್ಡದ ಬುಡದ ಕಲ್ಲುರಾಶಿಯಲ್ಲಿ ದೊಡ್ಡ ಬಂಡೆಗಳೇ ಹೆಚ್ಚು ದೂರದಲ್ಲಿ ಕಾಣುವುದು ಇದರಿಂದ.

ಫಲಿತಾಂಶವನ್ನು ಪರೀಕ್ಷಿಸಲು ಒಂದು ಅಳತೆಗೋಲಿದೆ. ಕಲ್ಲುರಾಶಿಯ ನೆತ್ತಿಯಿಂದ ಅತಿ ದೂರ ಹೋದ ಬಂಡೆಗೆ ಗೆರೆ ಎಳೆದರೆ ಸಮತಲದೊಂದಿಗೆ ಅದರ ಕೋನ ಸಾಮಾನ್ಯವಾಗಿ 27.5 ಡಿಗ್ರಿಗಿಂತ ಕಡಿಮೆಯಾಗುವುದಿಲ್ಲ ಎಂದು ಸಂಶೋಧಕರಾದ ಇವಾನ್ಸ್ ಮತ್ತು ಹಂಗ್ರ್ 1993ರಲ್ಲಿ ತೋರಿಸಿದರು. ರಾಶಿಯ ನೆತ್ತಿ 40 ಮೀಟರ್ ಎತ್ತರದಲ್ಲಿದ್ದರೆ ಅಡ್ಡ ದೂರ ಸುಮಾರು 77 ಮೀಟರ್. ನಿಮ್ಮ ಕಲ್ಲುಗಳು ಅದನ್ನು ಬಹಳ ಮೀರಿದರೆ ಗುಣಾಂಕ ತಪ್ಪಿದೆ ಎಂದೇ ಅರ್ಥ.

ಕುಲಶೇಖರ_ಮನೆ:
ನಡುವೆ ಬರುವುದಕ್ಕೆ ಕ್ಷಮಿಸಿ. ಮಂಗಳೂರಿನ ನಮ್ಮ ಮನೆಯ ಹಿಂದೆ ಗುಡ್ಡ ಕಡಿದ ಮುರಕಲ್ಲಿನ (ಲ್ಯಾಟರೈಟ್) ಗೋಡೆಯಿದೆ. ಈ ಪ್ರೋಗ್ರಾಮ್ ಓಡಿಸಿದರೆ ಅಪಾಯ ತಿಳಿಯುತ್ತದೆಯೇ?

ಬಂಡೆಲೆಕ್ಕ:
ಇಲ್ಲ, ದಯವಿಟ್ಟು ಇದನ್ನು ನಂಬಬೇಡಿ. ಇಲ್ಲಿನ ಲೆಕ್ಕ ಘಟ್ಟದ ಗಟ್ಟಿ ಬಂಡೆಯದ್ದು. ನಮ್ಮ ಊರಿನ ಮುರಕಲ್ಲಿನ ಅಡಿಯಲ್ಲಿ ಹೆಚ್ಚಾಗಿ ಶೇಡಿ ಮಣ್ಣು, ಅಂದರೆ ಮೆತ್ತಗಿನ ಜೇಡಿಯಂಥ ಮಣ್ಣು, ಇರುತ್ತದೆ. ಗುಡ್ಡ ಕಡಿದಾಗ ಅದು ಹೊರಬಿದ್ದು, ಮಳೆನೀರಿಗೆ ಕೊಚ್ಚಿಹೋಗುತ್ತದೆ. ಆಧಾರ ತಪ್ಪಿದ ಮುರಕಲ್ಲು ಮಣ್ಣಿನ ಸಮೇತ ಕುಸಿಯುತ್ತದೆ. ಅಲ್ಲಿ ಪುಟಿಯುವ ಪ್ರಶ್ನೆಯೇ ಬರುವುದಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಹೊಸ ಬಿರುಕು ಕಂಡರೆ, ಬುಡದಿಂದ ಕೆಸರು ನೀರು ಒಸರಿದರೆ, ಗೋಡೆಗೆ ತಾಗಿದ ಕೋಣೆಯಲ್ಲಿ ಆ ರಾತ್ರಿ ಮಲಗಬೇಡಿ. ಪಂಚಾಯತಿಗೋ ಪಾಲಿಕೆಗೋ ತಿಳಿಸಿ, ಭೂವಿಜ್ಞಾನ ಬಲ್ಲವರನ್ನು ಮಳೆಗಾಲಕ್ಕೆ ಮೊದಲೇ ಕರೆಸಿ ತೋರಿಸಿ.

ಕಟಪಾಡಿ27:
ಸಾವಿರ ಕಲ್ಲು ಉರುಳಿಸಿದೆ. ಹೆಚ್ಚಿನವು ಬುಡದಲ್ಲೇ ನಿಂತವು, ಕೆಲವು ಮಾತ್ರ ರಸ್ತೆಗೆ ಬಂದವು. ಕಲ್ಲಿನ ತಿರುಗುವಿಕೆಯನ್ನು ಇನ್ನೂ ಸೇರಿಸಿಲ್ಲ, ಮುಂದಿನ ವಾರ ಅದೇ ಕೆಲಸ.