ಮುನ್ನಾರ್ ರೈಲನ್ನು ಮುಳುಗಿಸಿದ್ದು ಮಳೆಯೋ, ಲೆಕ್ಕವೋ?

ಹಳಿಪ್ರೇಮಿ: ಮುನ್ನಾರ್‌ನಿಂದ ಬೆಟ್ಟದ ಅಂಚಿನ ಟಾಪ್ ಸ್ಟೇಷನ್ ಅನ್ನೋ ಜಾಗಕ್ಕೆ ಟೀ ಪೆಟ್ಟಿಗೆ ಹೊರುತ್ತಿದ್ದ ಕುಂಡಲ ಕಣಿವೆ ರೈಲು 1924ರ ಜುಲೈ ಪ್ರವಾಹದಲ್ಲಿ ಕೊಚ್ಚಿಹೋಯಿತು. ಮತ್ತೆ ಯಾರೂ ಕಟ್ಟಲಿಲ್ಲ. 1902ರಲ್ಲಿ ಮೋನೋರೈಲ್ ಆಗಿ ಶುರುವಾಗಿ, 1908ರಲ್ಲಿ ಎರಡಡಿ ಅಗಲದ ಹಳಿಗೆ ಬದಲಾಗಿ, ಸ್ಟೀಮ್ ಇಂಜಿನ್ ಕೂಡ ಕಂಡ ರೈಲು ಅದು. ಆ ಮಳೆ ಬರದಿದ್ದರೆ ಇವತ್ತು ಊಟಿ ರೈಲಿಗೆ ನಿಂತ ಹಾಗೆ ಅಲ್ಲೂ ಕ್ಯೂ ಇರುತ್ತಿತ್ತು.

ಘಾಟಿಗಾಡಿ: ಮೋನೋರೈಲಾ? 1902ರಲ್ಲಿ? ಸುಮ್ನೆ ರೈಲು ಬಿಡಬೇಡಿ ಗುರುವೇ.

ಹಳಿಪ್ರೇಮಿ: ಯೂಯಿಂಗ್ ಪದ್ಧತಿ ಅಂತ ಹೆಸರು. ನೆಲದಲ್ಲಿ ಒಂದೇ ಹಳಿ, ಹೆಚ್ಚಿನ ಭಾರ ಅದರ ಮೇಲೆ. ಗಾಡಿ ಮಗುಚಬಾರದು ಅಂತ ಪಕ್ಕಕ್ಕೆ ಒಂದು ದೊಡ್ಡ ಚಕ್ರ, ಅದು ರಸ್ತೆ ಮೇಲೆ ಉರುಳುತ್ತಿತ್ತು. ಎಳೆಯೋದಕ್ಕೆ ಎತ್ತು. ಪಟಿಯಾಲಾದಲ್ಲೂ ಇದೇ ತರದ್ದಿತ್ತು, ಅದರ ಇಂಜಿನ್ ದೆಹಲಿಯ ರೈಲು ಮ್ಯೂಸಿಯಮ್ಮಿನಲ್ಲಿದೆ, ಹೋಗಿ ನೋಡಿ.

ಘಾಟಿಗಾಡಿ: ಎತ್ತು ಎಳೆದರೆ ಎತ್ತಿನಗಾಡಿ ಅಲ್ವಾ?

ಲೆಕ್ಕದಮೇಷ್ಟ್ರು: ಎತ್ತು ಬಿಡಿ. "ಮಳೆ ಬರದಿದ್ದರೆ" ಅಂದಿರಲ್ಲ, ಎಡವಿದ್ದು ಅಲ್ಲೇ. ಆ ರೈಲು ಬೆಟ್ಟ ಇಳಿಯುತ್ತಲೇ ಇರಲಿಲ್ಲ. ಟಾಪ್ ಸ್ಟೇಷನ್‌ನಲ್ಲಿ ಪೆಟ್ಟಿಗೆ ಇಳಿಸಿ, ರೋಪ್‌ವೇಗೆ ಹತ್ತಿಸಿ, ಕೆಳಗೆ ಕೊಟ್ಟಗುಡಿಯಲ್ಲಿ ಮತ್ತೆ ಇಳಿಸಿ, ಗಾಡಿಗೆ ಹೇರಿ ಬೋಡಿನಾಯಕನೂರಿಗೆ ಹೊಡೆದು, ಆಮೇಲೆ ತೂತ್ತುಕುಡಿ ಬಂದರು. ಒಂದು ಪೆಟ್ಟಿಗೆಗೆ ಎಷ್ಟು ಸಲ ಕೂಲಿ? ಒಳ್ಳೆ ರಸ್ತೆ ಬಿದ್ದರೆ ಈ ರೈಲನ್ನು ಯಾರು ಮುಟ್ಟುತ್ತಾರೆ?

ಮದುರೆಮೇಲ್: ಬೋಡಿಗೇ 1928ರಲ್ಲಿ ರೈಲು ಬಂತು ಸ್ವಾಮಿ. ನಾಲ್ಕೇ ವರ್ಷ ತಡೆದಿದ್ದರೆ ನಿಮ್ಮ ಕೂಲಿ ಲೆಕ್ಕ ಉಲ್ಟಾ.

ಘಾಟಿಗಾಡಿ: ಇಸವಿ ಮಾತು ಬಂತಲ್ಲ, ಮಲಯಾಳಿಗಳು ಅದನ್ನು "99ರ ಪ್ರವಾಹ" ಅಂತಾರೆ. ನೀವು 1924 ಅಂತೀರಿ. ಯಾವುದು ಸರಿ?

ಹಳಿಪ್ರೇಮಿ: ಎರಡೂ! ಅದು ಮಲಯಾಳಿ ಪಂಚಾಂಗದ ಕೊಲ್ಲಂ ವರ್ಷ 1099. ಇಷ್ಟೂ ಗೊತ್ತಿಲ್ಲದೆ ವಾದಕ್ಕೆ ಬರ್ತೀರಲ್ಲ, ನಾಚಿಕೆ ಆಗಲ್ವಾ?

ಘಾಟಿಗಾಡಿ: ಆಗಲ್ಲ. ಎತ್ತಿನಗಾಡಿ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಹಳಿಪ್ರೇಮಿ: 1807ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಕುದುರೆ ಎಳೆಯುವ ರೈಲಿಗೆ ಜನ ದುಡ್ಡು ಕೊಟ್ಟು ಹತ್ತಿದರು. ಅದನ್ನೂ ಕುದುರೆಗಾಡಿ ಅಂತೀರಾ?

ಘಾಟಿಗಾಡಿ: ಹೂಂ.

ಲೆಕ್ಕದಮೇಷ್ಟ್ರು: 1964ರ ಚಂಡಮಾರುತದಲ್ಲಿ ರಾಮೇಶ್ವರಕ್ಕೆ ಹೋಗುವ ಪಾಂಬನ್ ರೈಲು ಸೇತುವೆ ಹಾಳಾಯಿತು, ಬೇಗನೆ ರಿಪೇರಿ ಮಾಡಿದರು. ಬೇಕಾದ ಹಳಿಯನ್ನು ಯಾರೂ ನೀರಿಗೆ ಬಿಟ್ಟುಕೊಡಲ್ಲ.

ಮದುರೆಮೇಲ್: ಅದೇ ಚಂಡಮಾರುತಕ್ಕೆ ಧನುಷ್ಕೋಡಿ ಲೈನೂ ಹೋಯಿತು, ಅದನ್ನು ಯಾಕೆ ನುಂಗಿದಿರಿ? ಅಲ್ಲಿ ರೈಲು ಮತ್ತೆ ಓಡಲೇ ಇಲ್ಲ.

ಲೆಕ್ಕದಮೇಷ್ಟ್ರು: ಊರೇ ಹೋಗಿತ್ತು, ರೈಲು ಯಾರಿಗೆ? ನನ್ನ ಮಾತನ್ನೇ ನನಗೆ ತಿರುಗಿಸಿ ಹೇಳಿದಿರಿ, ಥ್ಯಾಂಕ್ಸ್.

ಮದುರೆಮೇಲ್: ಮುನ್ನಾರ್‌ನಲ್ಲಿ ಊರೂ ಇತ್ತು, ಟೀನೂ ಇತ್ತು.

ಘಾಟಿಗಾಡಿ: ಎತ್ತೂ ಇತ್ತು.